ಮುಕ್ತಿ ಬಾವುಟ, ಐಪಿಎಲ್ ಹರಾಜು ಮತ್ತು ಹಾಲ್ ಆಫ್ ಫೇಮ್ ಓಟು

ನವೆಂಬರ್-ಡಿಸೆಂಬರ್ ಬಂತಂದ್ರೆ ಎಲ್ಲೂ ಒಂದು ಐಪಿಎಲ್ ಮ್ಯಾಚ್ ಇರಲ್ಲ, ಆದರೂ ಹಾಸ್ಟೆಲ್ ತುಂಬಾ ಐಪಿಎಲ್ ಜಗಳ. ಯಾರನ್ನ ಉಳಿಸಿಕೊಂಡ್ರು, ಯಾರನ್ನ ಬಿಟ್ರು, ಯಾಕೆ ಅಷ್ಟು ಕೊಟ್ರು. ಇಂಟರ್ನಲ್ಸ್ ಮಧ್ಯೆ ಮೆಸ್‌ನಲ್ಲಿ ಕೂತು ಇನ್ನೊಬ್ಬರ ಕೋಟಿಗಟ್ಟಲೆ ಹಣ ಖರ್ಚು ಮಾಡೋದರಲ್ಲಿ ನಮಗೆ ಇರೋ ಆತ್ಮವಿಶ್ವಾಸ ಪರೀಕ್ಷೆ ಹಾಲ್‌ನಲ್ಲಿ ಇರಲ್ಲ. ಇದರ ಜೊತೆಗೇ ಇನ್ನೊಂದು ಜಗಳ ಇದೆ: ಯಾರು ನಿಜವಾದ ದಿಗ್ಗಜ, ಯಾರಿಗೆ ಗೌರವ ಸಿಗಬೇಕಿತ್ತು, ಯಾರಿಗೆ ಸಿಗಲಿಲ್ಲ. ಮೊದಲನೇದು ಬೆಲೆಯ ಪ್ರಶ್ನೆ, ಎರಡನೇದು ಓಟಿನ ಪ್ರಶ್ನೆ. ಎರಡಕ್ಕೂ ಹಿಂದೆ ಗಣಿತ ಇದೆ, ಮತ್ತು ಆ ಗಣಿತಕ್ಕೆ ಬೇಕಾದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಸಿಗತ್ತೆ. ಅದನ್ನ ಹೇಳೋಕೆ ಈ ಲೇಖನ.

ಹರಾಜು ಅಂದ್ರೆ ಒಂದೇ ತರ ಅಲ್ಲ

ಹಿರಿಯೂರಿನವರಿಗೆ ತೇರುಮಲ್ಲೇಶ್ವರ ಸ್ವಾಮಿ ರಥೋತ್ಸವ ಗೊತ್ತು, ಚಳ್ಳಕೆರೆ ಕಡೆಯವರಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಗೊತ್ತು. ಎರಡೂ ಕಡೆ ತೇರು ಎಳೆಯೋ ಮೊದಲು ಮುಕ್ತಿ ಬಾವುಟ ಹರಾಜಾಗತ್ತೆ. ಎಲ್ಲರ ಎದುರಿಗೆ ಕೂಗ್ತಾರೆ, ಒಬ್ಬರ ಮೇಲೊಬ್ಬರು ಏರಿಸ್ತಾರೆ, ಲಕ್ಷಗಟ್ಟಲೆಗೆ ಹೋಗತ್ತೆ. ಬಟ್ಟೆಯ ಬೆಲೆ ಎಷ್ಟು ಅಂತ ಅಲ್ಲಿ ಯಾರೂ ಕೇಳಲ್ಲ. ಕೂಗುವವರು ಕೊಳ್ಳೋದು ಭಕ್ತಿ, ಹರಕೆ, ಮತ್ತು ಊರ ಮುಂದೆ ಸಿಗೋ ಗೌರವ. ಒಬ್ಬರಿಗೆ ಅದರ ಬೆಲೆ ಹತ್ತು ರೂಪಾಯಿ, ಇನ್ನೊಬ್ಬರಿಗೆ ಹತ್ತು ಲಕ್ಷ, ಇಬ್ಬರೂ ಸರಿಯೇ. ಅರ್ಥಶಾಸ್ತ್ರದವರು ಇದನ್ನ ಖಾಸಗಿ ಮೌಲ್ಯದ ಹರಾಜು ಅಂತಾರೆ. ಇಲ್ಲಿ ಗೆದ್ದವರಿಗೆ ಮೋಸ ಆಯ್ತು ಅನ್ನೋ ಮಾತೇ ಬರಲ್ಲ.

ಈಗ ಹೊಳಲ್ಕೆರೆ ಕಡೆ ಅಡಿಕೆ ತೋಟ ನೆನಪಿಸಿಕೊಳ್ಳಿ. ಕೊಯ್ಲಿಗೆ ಮುಂಚೆ ಖೇಣಿದಾರರು ಬಂದು ಮರದ ಮೇಲಿನ ಗೊನೆ ನೋಡಿ ಇಡೀ ತೋಟಕ್ಕೆ ಇಷ್ಟು ಅಂತ ಮಾತಾಡ್ತಾರೆ. (ಕೆಲವರು ಚೇಣಿ ಅಂತಾರೆ, ಪದಕ್ಕೆ ಜಗಳ ಬೇಡ.) ಇಲ್ಲಿ ತೋಟದಲ್ಲಿ ಇರೋ ಅಡಿಕೆ ಎಲ್ಲರಿಗೂ ಒಂದೇ. ಆದರೆ ಅದು ಎಷ್ಟು ಕ್ವಿಂಟಲ್ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಎಲ್ಲರದ್ದೂ ಅಂದಾಜು. ಐದು ಜನ ಬಂದ್ರು ಅಂತಿಟ್ಟುಕೊಳ್ಳಿ. ನಿಜವಾಗಿ 10 ಕ್ವಿಂಟಲ್ ಇದೆ. ಅಂದಾಜುಗಳು 8, 9, 10, 11, 12. ಸರಾಸರಿ ಸರಿಯಾಗೇ ಇದೆ. ಆದರೆ ತೋಟ ಹೋಗೋದು ಸರಾಸರಿಯವನಿಗಲ್ಲ, 12 ಅಂದವನಿಗೆ. ಅಂದ್ರೆ ಯಾರು ಅತಿ ಹೆಚ್ಚು ತಪ್ಪು ಅಂದಾಜು ಮಾಡಿದ್ದಾನೋ ಅವನೇ ಗೆಲ್ಲೋದು. ಇದಕ್ಕೆ ಗೆದ್ದವನ ಶಾಪ ಅಂತ ಹೆಸರು. ಅನುಭವ ಇರೋ ಖೇಣಿದಾರ ಇದನ್ನ ಯಾವ ಕಾಲೇಜಲ್ಲೂ ಓದಿಲ್ಲ, ಆದರೂ ತನ್ನ ಅಂದಾಜಿಗಿಂತ ಕಡಿಮೆ ಹೇಳೇ ಹೇಳ್ತಾನೆ.

ಐಪಿಎಲ್ ಹರಾಜು ಈ ಎರಡರ ಮಿಶ್ರಣ. ಆಟಗಾರ ಮುಂದಿನ ಸೀಸನ್ ಎಷ್ಟು ರನ್ ಹೊಡೀತಾನೆ ಅನ್ನೋದು ಅಡಿಕೆ ತೋಟದ ತರ, ಎಲ್ಲರಿಗೂ ಅಂದಾಜು. ಅವನಿಂದ ಜೆರ್ಸಿ ಎಷ್ಟು ಮಾರಾಟ ಆಗತ್ತೆ, ಅಭಿಮಾನಿಗಳು ಎಷ್ಟು ಕುಣೀತಾರೆ ಅನ್ನೋದು ಬಾವುಟದ ತರ. ನನ್ನ ಅಭಿಪ್ರಾಯದಲ್ಲಿ ದುಬಾರಿ ಖರೀದಿಗಳೆಲ್ಲ ಹಾಳಾಗೋದು ಅಡಿಕೆಗೆ ಬಾವುಟದ ಬೆಲೆ ಕೊಟ್ಟಾಗ.

ನಮ್ಮ ಕರ್ನಾಟಕದ್ದೇ ಉದಾಹರಣೆ: 2021ರಲ್ಲಿ ಕೃಷ್ಣಪ್ಪ ಗೌತಮ್ ಅವರನ್ನ ಚೆನ್ನೈ 9.25 ಕೋಟಿಗೆ ತಗೊಂಡಿತು. ಆಗ ಭಾರತಕ್ಕೆ ಆಡದ ಭಾರತೀಯ ಆಟಗಾರನಿಗೆ ಸಿಕ್ಕ ಅತಿ ಹೆಚ್ಚು ಬೆಲೆ ಅದು. ಆ ಸೀಸನ್‌ನಲ್ಲಿ ಅವರಿಗೆ ಒಂದೂ ಮ್ಯಾಚ್ ಸಿಗಲಿಲ್ಲ. ವೆಂಕಟೇಶ್ ಅಯ್ಯರ್ ಅವರನ್ನ ಕೋಲ್ಕತ್ತಾ 2025ರ ಸೀಸನ್‌ಗೆ 23.75 ಕೋಟಿ ಕೊಟ್ಟು ತಗೊಂಡಿತು, ಅವರು ಹೊಡೆದಿದ್ದು 142 ರನ್. ಬಿಟ್ಟು ಹಾಕಿದ ಮೇಲೆ 2025ರ ಡಿಸೆಂಬರ್ 16ರಂದು ಅಬುಧಾಬಿ ಹರಾಜಲ್ಲಿ ಅದೇ ಮನುಷ್ಯನನ್ನ ಆರ್‌ಸಿಬಿ 7 ಕೋಟಿಗೆ ತಗೊಂಡಿತು. ಒಂದು ವರ್ಷದಲ್ಲಿ ಆಟಗಾರ ಅಷ್ಟು ಕೆಟ್ಟುಹೋಗಲ್ಲ. ಮೊದಲನೇ ಬೆಲೆ ಅವತ್ತು ಆ ರೂಮಲ್ಲಿದ್ದ ಅತ್ಯಂತ ಆಶಾವಾದಿಯ ಅಂದಾಜು, ಅಷ್ಟೇ.

ಉಲ್ಟಾನೂ ಆಗತ್ತೆ. 2011ರ ಜನವರಿ ಹರಾಜಲ್ಲಿ ಕ್ರಿಸ್ ಗೇಲ್ ಅವರನ್ನ ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಿಸ್ ಗಾಯಗೊಂಡು ಜಾಗ ಖಾಲಿಯಾದಾಗ ಆರ್‌ಸಿಬಿ ಕರೆಸಿತು, ಅವರು 608 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕ್ಕೊಂಡು ಹೋದರು. ಹತ್ತು ಟೀಮ್, ಆವಾಗಲೂ ಹತ್ತೇ, ಎಲ್ಲರೂ ಒಟ್ಟಿಗೆ ತಪ್ಪಿದ್ದರು.

ಪರ್ಸ್ ಲೆಕ್ಕ

ಈಗ ನಮ್ಮ ಕೈಗೆ ಬರೋ ಲೆಕ್ಕ. ಹಾಸ್ಟೆಲ್ ಲೀಗ್ ಆಗಲಿ, ಹೊಸದುರ್ಗದ ಟೆನಿಸ್ ಬಾಲ್ ಟೂರ್ನಮೆಂಟ್ ಆಗಲಿ, ಈಗ ಎಲ್ಲಾ ಕಡೆ ಪಾಯಿಂಟ್ಸ್ ಕೊಟ್ಟು ಆಟಗಾರರ ಹರಾಜು ಮಾಡ್ತಾರೆ. ಒಂದು ಟೀಮಿಗೆ 1000 ಪಾಯಿಂಟ್, 12 ಜನ ಕಡ್ಡಾಯ, ಮೂಲ ಬೆಲೆ 20 ಅಂತಿಟ್ಟುಕೊಳ್ಳಿ. ಐದು ಜನಕ್ಕೆ 700 ಮುಗಿಸಿದ್ದೀರಿ. ಉಳಿದಿದ್ದು 300, ಇನ್ನೂ ಏಳು ಜನ ಬೇಕು. ಈಗ ಬರೋ ಆಲ್‌ರೌಂಡರ್‌ಗೆ ನೀವು ಎಷ್ಟರ ತನಕ ಕೂಗಬಹುದು? 300 ಅಲ್ಲ. ಅವನನ್ನ ಬಿಟ್ಟು ಆರು ಜನಕ್ಕೆ ತಲಾ 20 ಎತ್ತಿಡಬೇಕು, ಅದು 120. ಹಾಗಾಗಿ ಮಿತಿ 180. ಸೂತ್ರ: ಉಳಿದ ಪರ್ಸ್‌ನಿಂದ, ಉಳಿದ ಜಾಗಗಳಲ್ಲಿ ಒಂದು ಕಳೆದು ಮೂಲ ಬೆಲೆಯಿಂದ ಗುಣಿಸಿದ್ದನ್ನ ಕಳೀರಿ. ಇದು ನಿಮ್ಮ ಲೆಕ್ಕ. ಇದಕ್ಕಿಂತ ಮುಖ್ಯ ಎದುರಾಳಿಯ ಮಿತಿ. ಪಕ್ಕದ ಟೀಮಿನ ಮಿತಿ 90 ಅಂತ ಗೊತ್ತಿದ್ರೆ ನೀವು 91ರ ಮೇಲೆ ಒಂದು ಪಾಯಿಂಟೂ ಕೊಡಬೇಕಿಲ್ಲ. ಕೂಗೋ ಹರಾಜಲ್ಲಿ ಬೆಲೆ ತೀರ್ಮಾನ ಆಗೋದು ಗೆದ್ದವನಿಂದ ಅಲ್ಲ, ಎರಡನೇ ಸ್ಥಾನದವನಿಂದ. ಆದ್ದರಿಂದ ಒಬ್ಬ ಫ್ರೆಂಡನ್ನ ಬರೀ ಎಲ್ಲಾ ಟೀಮ್‌ಗಳ ಪರ್ಸ್ ಬರೆದುಕೊಳ್ಳೋಕೆ ಅಂತಾನೇ ಕೂರಿಸಿ.

ಎಪಿಎಂಸಿಯ ಇ-ಟೆಂಡರ್‌ನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ವರ್ತಕರು ಗುಟ್ಟಾಗಿ ದರ ಹಾಕ್ತಾರೆ, ಜಾಸ್ತಿ ಹಾಕಿದವರ ದರವೇ ದರ. ಎರಡನೆಯವರು ಎಷ್ಟು ಹಾಕಿದ್ರು ಅಂತ ಗೊತ್ತಾಗೋದು ಆಮೇಲೆ. ಶೇಂಗಾ ಬೆಳೆಗಾರನಿಗೆ ಯಾವುದು ಒಳ್ಳೇದು ಅನ್ನೋದು ಬೇರೆ ಲೇಖನದ ವಿಷಯ. ಆದರೆ ಒಂದು ಮಾತು: ದರ ಹಿಡಿಸದಿದ್ರೆ ಮಾಲು ಕೊಡಲ್ಲ ಅನ್ನೋ ಹಕ್ಕು ರೈತನಿಗೆ ಇದೆ. ಐಪಿಎಲ್ ಆಟಗಾರನಿಗೆ ಹರಾಜಿನ ದಿನ ಆ ಹಕ್ಕೂ ಇಲ್ಲ.

2024ರ ನವೆಂಬರ್ 24-25ರ ಜೆಡ್ಡಾ ಹರಾಜಿಗೆ ಬರೋಣ. ಪ್ರತಿ ಟೀಮಿಗೆ 120 ಕೋಟಿ. ಆರ್‌ಸಿಬಿ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೊಟ್ಟು ಉಳಿಸಿಕೊಂಡಿತು. ಒಟ್ಟು 37, ಉಳಿದಿದ್ದು 83. ಪಂಜಾಬ್ ಬರೀ 9.5 ಕೋಟಿಗೆ ಇಬ್ಬರನ್ನ ಉಳಿಸಿಕೊಂಡು 110.5 ಕೋಟಿ ಜೇಬಲ್ಲಿಟ್ಟು ಬಂತು. ಪಂಜಾಬ್ ಶ್ರೇಯಸ್ ಅಯ್ಯರ್‌ಗೆ 26.75, ಅರ್ಷದೀಪ್‌ಗೆ 18, ಚಾಹಲ್‌ಗೆ 18 ಸುರಿಯಿತು. ಮೂರೇ ಜನಕ್ಕೆ 62.75 ಕೋಟಿ. ಆರ್‌ಸಿಬಿಯ ಅತಿ ದೊಡ್ಡ ಖರೀದಿ ಹೇಜಲ್‌ವುಡ್, 12.50. ಆಮೇಲೆ ಸಾಲ್ಟ್ 11.50, ಜಿತೇಶ್ 11, ಭುವನೇಶ್ವರ್ 10.75, ಲಿವಿಂಗ್‌ಸ್ಟನ್ 8.75, ಕೃಣಾಲ್ 5.75, ಟಿಮ್ ಡೇವಿಡ್ 3, ರೊಮಾರಿಯೋ ಶೆಫರ್ಡ್ 1.50. ಕೊನೆಗೆ 22 ಜನ, ಉಳಿದಿದ್ದು 75 ಲಕ್ಷ.

ಅವತ್ತು ನಮ್ಮ ಕಡೆ ಎಲ್ಲರೂ ಬೈದಿದ್ದು ಎರಡು ಕಾರಣಕ್ಕೆ. ಕೆ.ಎಲ್. ರಾಹುಲ್ ಬರಲಿಲ್ಲ, 14 ಕೋಟಿಗೆ ಡೆಲ್ಲಿ ಪಾಲಾದರು. ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ ಹೋದಾಗ ಕೈಯಲ್ಲಿ ಆರ್‌ಟಿಎಂ ಕಾರ್ಡ್ ಇದ್ದರೂ ಆರ್‌ಸಿಬಿ ಎತ್ತಲಿಲ್ಲ. ಆ ಸಿರಾಜ್ 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಗೇ ಬಂದು 19ಕ್ಕೆ 3 ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದರು. ಹೊಟ್ಟೆ ಉರೀದೆ ಇನ್ನೇನಾಗತ್ತೆ.

ಆದರೂ ಆ ಹರಾಜು ಆರ್‌ಸಿಬಿ ಇಷ್ಟು ವರ್ಷದಲ್ಲಿ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅಂತ ನಾನು ವಾದ ಮಾಡ್ತೀನಿ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಅದೇ ಪಂಜಾಬನ್ನ 6 ರನ್‌ನಿಂದ ಸೋಲಿಸಿ ಕಪ್ ಗೆದ್ದರು ಅನ್ನೋದನ್ನ ನಾನು ಸಾಕ್ಷಿಯಾಗಿ ಕೊಡ್ತಾ ಇಲ್ಲ. 6 ರನ್ ಅಂದ್ರೆ ಒಂದು ಶಾಟ್, ಅದರ ಮೇಲೆ ಥಿಯರಿ ಕಟ್ಟೋಕಾಗಲ್ಲ. ನನ್ನ ಸಾಕ್ಷಿ ಬೇರೆ: ಆ ಸೀಸನ್ ಆರ್‌ಸಿಬಿ ಪರ ಒಂಬತ್ತು ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠ ಆದರು. ಫೈನಲ್‌ನಲ್ಲಿ ಆ ಪ್ರಶಸ್ತಿ 5.75 ಕೋಟಿಯ ಕೃಣಾಲ್‌ಗೆ. ತವರಿನ ಹೊರಗಿನ ಏಳೂ ಲೀಗ್ ಪಂದ್ಯ ಗೆದ್ದರು. ಹೇಜಲ್‌ವುಡ್ 22 ವಿಕೆಟ್. ಸರ್ಕ್ಯೂಟ್ ಲ್ಯಾಬ್‌ನಲ್ಲಿ ಎಲ್ಲಾ ಲೋಡನ್ನ ಒಂದೇ ರೆಸಿಸ್ಟರ್ ಮೇಲೆ ಹಾಕಿದ್ರೆ ಏನಾಗತ್ತೆ ಅಂತ ನಮಗೆಲ್ಲ ವಾಸನೆ ಸಮೇತ ಗೊತ್ತು. ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಹೊರಗಿನ ನೂಕುನುಗ್ಗಲಲ್ಲಿ 11 ಜನ ಸತ್ತರು. ಆ ಕಪ್ ಬಗ್ಗೆ ಯಾವಾಗ ಮಾತಾಡಿದ್ರೂ ಈ ವಾಕ್ಯ ಬಿಟ್ಟು ಮಾತಾಡೋಕೆ ನನಗೆ ಮನಸ್ಸಾಗಲ್ಲ.

ಆರ್‌ಟಿಎಂ ಅಂದೆ, ಅದರ ಹೊಸ ನಿಯಮ ಆಟದ ಸಿದ್ಧಾಂತ ಓದೋರಿಗೆ ಹಬ್ಬ. ಹಳೇ ಟೀಮು ಕಾರ್ಡ್ ಎತ್ತಿದ ಮೇಲೆ, ಕೂಗಿ ಗೆದ್ದ ಟೀಮಿಗೆ ಇನ್ನೊಂದೇ ಸಲ ಬೆಲೆ ಏರಿಸೋ ಅವಕಾಶ. ರಿಷಭ್ ಪಂತ್‌ಗೆ ಲಖನೌ 20.75 ಕೋಟಿಗೆ ನಿಂತಿತ್ತು. ಡೆಲ್ಲಿ ಕಾರ್ಡ್ ಎತ್ತಿತು. ಲಖನೌ ಒಂದೇ ಏಟಿಗೆ 27 ಅಂತು, ಡೆಲ್ಲಿ ಕೈಬಿಟ್ಟಿತು. ಅಂದ್ರೆ ಕೂಗೋ ಹರಾಜು ಕೊನೇ ಕ್ಷಣದಲ್ಲಿ ಎಪಿಎಂಸಿ ಟೆಂಡರ್ ಆಗಿಬಿಡ್ತು. ಎರಡನೆಯವನ ಮಿತಿ ಗೊತ್ತಿಲ್ಲ, ಒಂದೇ ಅವಕಾಶ, ಹೆದರಿ ಹೆಚ್ಚು ಬರೀಬೇಕು. ಆ 6.25 ಕೋಟಿ ಭಯದ ಬೆಲೆ.

ಅಮೆರಿಕಾದ ಬೇಸ್‌ಬಾಲ್‌ನಲ್ಲಿ ಹರಾಜೇ ಇಲ್ಲ. ಒಪ್ಪಂದ ಮುಗಿದ ಆಟಗಾರ ಚಳಿಗಾಲದಲ್ಲಿ ಸ್ವತಂತ್ರ, ಏಜೆಂಟ್ ಕೂತು ಚೌಕಾಸಿ ಮಾಡ್ತಾನೆ, ಪರ್ಸ್‌ಗೆ ಕಟ್ಟುನಿಟ್ಟಿನ ಮಿತಿಯೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಶೋಹೇ ಒಹ್ತಾನಿ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಅದರಲ್ಲಿ 68 ಕೋಟಿ ಡಾಲರ್ ಹತ್ತು ವರ್ಷ ಮುಗಿದ ಮೇಲೆ, ಬಡ್ಡಿ ಇಲ್ಲದೆ. ಇವತ್ತಿನ ಮೌಲ್ಯಕ್ಕೆ ಇಳಿಸಿದ್ರೆ ಅದು ಸುಮಾರು 46 ಕೋಟಿ ಡಾಲರ್ ಅಂತ ಲೀಗೇ ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಎಕನಾಮಿಕ್ಸ್‌ನಲ್ಲಿ ಪ್ರೆಸೆಂಟ್ ವರ್ತ್ ಯಾಕೆ ಓದಬೇಕು ಅಂತ ಕೇಳಿದವರಿಗೆ ಇದು ಉತ್ತರ.

ಓಟಿನ ಕಥೆ

ಗೌರವ ಕೊಡೋದರಲ್ಲೂ ಬೇಸ್‌ಬಾಲ್‌ನವರದ್ದು ಬಿಗಿ ಪದ್ಧತಿ. ಕೂಪರ್ಸ್‌ಟೌನ್ ಅನ್ನೋ ಚಿಕ್ಕ ಊರಲ್ಲಿ ಹಾಲ್ ಆಫ್ ಫೇಮ್ ಇದೆ. ನಿವೃತ್ತಿಯಾಗಿ ಐದು ವರ್ಷ ಆದಮೇಲೆ ಹೆಸರು ಮತಪತ್ರಕ್ಕೆ ಬರತ್ತೆ. ಓಟು ಹಾಕೋರು ಅನುಭವಿ ಕ್ರೀಡಾ ಬರಹಗಾರರು. ಒಬ್ಬರು ಹತ್ತು ಹೆಸರಿಗಿಂತ ಹೆಚ್ಚು ಟಿಕ್ ಮಾಡೋ ಹಾಗಿಲ್ಲ. 75 ಶೇಕಡಾ ಬಂದ್ರೆ ಒಳಗೆ, 5ಕ್ಕಿಂತ ಕಡಿಮೆ ಬಂದ್ರೆ ಪಟ್ಟಿಯಿಂದಲೇ ಹೊರಗೆ, ಮಧ್ಯ ಇದ್ರೆ ಮುಂದಿನ ವರ್ಷ ಮತ್ತೆ ಪ್ರಯತ್ನ, ಒಟ್ಟು ಹತ್ತು ವರ್ಷ. 2025ರಲ್ಲಿ 394 ಜನ ಓಟು ಹಾಕಿದರು, ಅಂದ್ರೆ 296 ಬೇಕು. ಜಪಾನಿನ ಇಚಿರೋ ಸುಜುಕಿಗೆ 393 ಬಂತು. ಆ ಒಬ್ಬ ಮಹಾನುಭಾವ ಯಾರು ಅಂತ ಅಲ್ಲಿಯ ಅಭಿಮಾನಿಗಳು ತಲೆ ಕೆರೆದುಕೊಂಡರು. ನಮ್ಮ ಮೆಸ್‌ನಲ್ಲಿ ಕೊಹ್ಲಿಗೆ ಓಟು ಹಾಕ್ಸಿದ್ರೂ ಅಂಥವನು ಒಬ್ಬ ಇರ್ತಾನೆ.

ಲ್ಯಾರಿ ವಾಕರ್ ಕಥೆ ನನಗೆ ಹೆಚ್ಚು ಇಷ್ಟ. ಮೊದಲ ವರ್ಷ 20.3 ಶೇಕಡಾ. ಹತ್ತನೇ, ಅಂದ್ರೆ ಕೊನೇ ವರ್ಷ, 2020ರಲ್ಲಿ 76.6. ಈ ಹತ್ತು ವರ್ಷದಲ್ಲಿ ಅವರು ಒಂದು ಬಾಲೂ ಹೊಡೆದಿಲ್ಲ, ನಿವೃತ್ತರು! ಬದಲಾಗಿದ್ದು ಓಟು ಹಾಕೋರು ಅಂಕಿ ಓದೋ ರೀತಿ. ಅವರು ಆಡಿದ್ದ ಡೆನ್ವರ್ ಎತ್ತರದ ಜಾಗ, ಗಾಳಿ ತೆಳು, ಬಾಲ್ ದೂರ ಹೋಗತ್ತೆ, ಹಾಗಾಗಿ ಅವರ ಅಂಕಿಗಳನ್ನ ಮೊದಲು ಯಾರೂ ನಂಬಲಿಲ್ಲ. ಆಮೇಲೆ ಮೈದಾನದ ಲಾಭ ಕಳೆದು ನೋಡೋ ಲೆಕ್ಕ ಬಂತು. ಕಳೆದರೂ ಅವರು ದೊಡ್ಡ ಆಟಗಾರರೇ ಅಂತ ಒಪ್ಪಿಕೊಂಡರು.

ನಮ್ಮಲ್ಲಿ ರಾಜ್ಯೋತ್ಸವ ಪ್ರಶಸ್ತಿಗೆ ಬೇರೆ ತರ್ಕ: ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ, 2025ರಲ್ಲಿ 70. ಒಂದು ಕಡೆ ಗೆರೆ ನಿಗದಿ, ಎಷ್ಟು ಜನ ಬೇಕಾದರೂ ದಾಟಬಹುದು ಅಥವಾ ಯಾರೂ ದಾಟದೇ ಇರಬಹುದು. ಇನ್ನೊಂದು ಕಡೆ ಸೀಟು ನಿಗದಿ. ಕಟ್‌ಆಫ್‌ಗೂ ಸೀಟ್ ಮ್ಯಾಟ್ರಿಕ್ಸ್‌ಗೂ ಇರೋ ವ್ಯತ್ಯಾಸ, ಸಿಇಟಿ ಬರೆದ ನಮಗೆ ಇದನ್ನ ವಿವರಿಸಬೇಕಾಗಿಲ್ಲ.

ಕ್ರಿಕೆಟ್‌ಗೂ ಐಸಿಸಿ ಹಾಲ್ ಆಫ್ ಫೇಮ್ ಇದೆ, 2009ರಲ್ಲಿ ಶುರುವಾಯ್ತು. ಕರ್ನಾಟಕದಿಂದ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಒಳಗೆ ಹೋದರು. ಇಬ್ಬರ ಬಗ್ಗೆಯೂ ಎರಡು ಮಾತಿಲ್ಲ. ನನ್ನ ತಕರಾರು ಹೊರಗೆ ಉಳಿದವರ ಬಗ್ಗೆ. 2025ರ ತನಕ ಒಳಗಿರೋ ಭಾರತೀಯರು ಹನ್ನೊಂದು ಜನ. ಪ್ರಸಿದ್ಧ ಸ್ಪಿನ್ ನಾಲ್ವರಲ್ಲಿ ಬೇಡಿ ಇದ್ದಾರೆ, ನಮ್ಮ ಚಂದ್ರಶೇಖರ್ ಮತ್ತು ಪ್ರಸನ್ನ ಇಲ್ಲ. ಜಿ.ಆರ್. ವಿಶ್ವನಾಥ್ ಇಲ್ಲ. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿ ಇಲ್ಲ.

ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದವರು, ಅಂದ್ರೆ ನಮ್ಮ ಪಕ್ಕದ ಜಿಲ್ಲೆ. 91 ಟೆಸ್ಟ್, 6080 ರನ್, ಸರಾಸರಿ 41.93. ಈ ಕೊನೇ ಸಂಖ್ಯೆ ನೋಡಿ ನಮ್ಮ ವಯಸ್ಸಿನವರು ಮುಖ ಸೊಟ್ಟ ಮಾಡ್ತಾರೆ. ನಾವ್ಯಾರೂ ಅವರ ಆಟ ನೇರ ನೋಡಿಲ್ಲ, ಅಂಕಿ ಮಾತ್ರ ಕಾಣತ್ತೆ. ಆದರೆ ಅಂಕಿಯನ್ನೇ ಸರಿಯಾಗಿ ಓದೋಣ. ಕೆಲವು ಅಟಾನಮಸ್ ಕಾಲೇಜುಗಳಲ್ಲಿ ರಿಲೇಟಿವ್ ಗ್ರೇಡಿಂಗ್ ಅಂತ ಇದೆಯಲ್ಲ, ಪೇಪರ್ ಕಷ್ಟ ಇದ್ದ ವರ್ಷ 60 ತಗೊಂಡವನು ಸುಲಭದ ವರ್ಷ 80 ತಗೊಂಡವನಿಗಿಂತ ಮೇಲು. 1975ರ ಜನವರಿ, ಚೆಪಾಕ್, ಎದುರಿಗೆ ಆಂಡಿ ರಾಬರ್ಟ್ಸ್. ಅವರು 7 ವಿಕೆಟ್ ತೆಗೆದರು, ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಇಡೀ ತಂಡದ ಅರ್ಧಕ್ಕಿಂತ ಹೆಚ್ಚು ರನ್ ಒಬ್ಬರದ್ದೇ. ಭಾರತ ಆ ಟೆಸ್ಟನ್ನ 100 ರನ್‌ನಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಈ ಇನ್ನಿಂಗ್ಸ್ ಇರೋದೇ ಇಲ್ಲ, ಮೂರು ರನ್ ಕಮ್ಮಿ! ಅವರು ಹೊಡೆದ 14 ಶತಕಗಳಿದ್ದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ. ಸರಾಸರಿ ಅನ್ನೋ ಸಂಖ್ಯೆಗೆ ಯಾವ ರನ್ ಯಾವಾಗ ಬಂತು ಅಂತ ಗೊತ್ತಾಗಲ್ಲ.

ಇನ್ನೊಂದು ಘಟನೆಗೆ ಸ್ಕೋರ್‌ಕಾರ್ಡ್‌ನಲ್ಲಿ ಕಾಲಮ್ಮೇ ಇಲ್ಲ. 1980ರ ಫೆಬ್ರವರಿ, ಮುಂಬೈನ ಸುವರ್ಣ ಮಹೋತ್ಸವ ಟೆಸ್ಟ್. ನಾಯಕ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟ್‌ಗೆ ತಾಗಿಲ್ಲ ಅಂತ ವಿಶ್ವನಾಥ್ ಅವರೇ ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ನಿಂತು ಆಡಿದರು, ಭಾರತ ಹತ್ತು ವಿಕೆಟ್‌ನಿಂದ ಸೋತಿತು. ಕೆಲವರು ಇದನ್ನ ದಡ್ಡತನ ಅಂತಾರೆ. ನಾನು ಓಟು ಹಾಕೋದಾದ್ರೆ ಇದಕ್ಕೂ ಸೇರಿಸಿ ಹಾಕ್ತೀನಿ.

ಚಂದ್ರಶೇಖರ್ ಬಗ್ಗೆ ವಾದವೇ ಬೇಕಿಲ್ಲ ಅನ್ನಿಸತ್ತೆ. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್, 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಜೀವನಪೂರ್ತಿ ಹೊಡೆದ ಟೆಸ್ಟ್ ರನ್ 167, ಅಂದ್ರೆ ವಿಕೆಟ್‌ಗಿಂತ ಕಡಿಮೆ. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6, ಅದರಿಂದ ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಗೆಲುವು. ಪ್ರಸನ್ನ 49 ಟೆಸ್ಟ್‌ಗೆ 189 ವಿಕೆಟ್. ಬಿಸಿಸಿಐ ಈ ನಾಲ್ಕೂ ಸ್ಪಿನ್ನರ್‌ಗಳಿಗೆ ಒಟ್ಟಿಗೆ ಸಿ.ಕೆ. ನಾಯುಡು ಪ್ರಶಸ್ತಿ ಕೊಟ್ಟಿದೆ, ವಿಶ್ವನಾಥ್‌ಗೂ ಆಮೇಲೆ ಕೊಟ್ಟಿದೆ. ಹಾಗಾಗಿ ಮನೆಯಲ್ಲಿ ಗೌರವ ಸಿಕ್ಕಿದೆ, ಹೊರಗಿನದು ಬಾಕಿ.

ಐಸಿಸಿಯ ಓಟಿನಲ್ಲಿ ಯಾರಿಗೆ ಎಷ್ಟು ಬಂತು ಅಂತ ಹೊರಗೆ ಹೇಳಲ್ಲ. ಇದು ನನಗೆ ಹಿಡಿಸದ ವಿಷಯ. ಕೂಪರ್ಸ್‌ಟೌನ್‌ನಲ್ಲಿ ವಾಕರ್‌ಗೆ 20 ಬಂತು ಅಂತ ಜಗತ್ತಿಗೆ ಗೊತ್ತಿತ್ತು, ಅದಕ್ಕೇ ಅವರ ಪರ ವಾದ ಮಾಡೋಕೆ ಜನ ಹುಟ್ಟಿಕೊಂಡರು. ವಿಶ್ವನಾಥ್ 74ರಲ್ಲಿ ನಿಂತಿದ್ದಾರೋ 4ರಲ್ಲಿ ನಿಂತಿದ್ದಾರೋ ಗೊತ್ತಿಲ್ಲದೆ ಯಾರ ಹತ್ತಿರ ಹೋಗಿ ವಾದ ಮಾಡೋದು?

ಅದಕ್ಕೆ ನಮ್ಮ ಕಾರಿಡಾರ್‌ನಲ್ಲೇ ಒಂದು ಓಟು ಹಾಕ್ಸಿದ್ವಿ, ಕೂಪರ್ಸ್‌ಟೌನ್ ನಿಯಮದಲ್ಲಿ. ಎಂಟು ಜನ: ದುರ್ಗದವರು ಮೂವರು, ಹಿರಿಯೂರು ಇಬ್ಬರು, ಹೊಸದುರ್ಗ ಇಬ್ಬರು, ಹೊಳಲ್ಕೆರೆ ಒಬ್ಬ. ನಾಲ್ಕು ಹೆಸರು, ಎಷ್ಟಕ್ಕೆ ಬೇಕಾದರೂ ಟಿಕ್. ಎಂಟರಲ್ಲಿ 75 ಶೇಕಡಾ ಅಂದ್ರೆ ಆರು ಓಟು. ಚಂದ್ರಶೇಖರ್ 8, ವಿಶ್ವನಾಥ್ 6, ಪ್ರಸನ್ನ 4. ಶಾಂತಾ ರಂಗಸ್ವಾಮಿ ಅವರಿಗೆ 5, ಒಂದು ಓಟಿಂದ ಹೊರಗೆ. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅವರದ್ದು, 1977ರಲ್ಲಿ ಡ್ಯುನೆಡಿನ್‌ನಲ್ಲಿ 108, ಅಂತ ಎಣಿಕೆ ಮುಗಿದ ಮೇಲೆ ಹೇಳಿದಾಗ ಹೊಳಲ್ಕೆರೆಯವನು ತನ್ನ ಚೀಟಿ ವಾಪಸ್ ಕೇಳಿದ. ನಿಯಮ ನಿಯಮವೇ, ಕೊಡಲಿಲ್ಲ. ಮುಂದಿನ ವರ್ಷದ ಚೀಟಿಯಲ್ಲಿ ಅವರ ಹೆಸರು ಮೊದಲು ಇರತ್ತೆ.